ಚಳಿಗೆ ಗೇರ್ ಬೀಳದಿದ್ದರೆ: ತಪ್ಪು ಆಯಿಲ್‌ನದೋ, ಕ್ಲಚ್‌ನದೋ, ಕೇಬಲ್‌ನದೋ?

ರಾತ್ರಿಯಿಡೀ ಬಯಲಲ್ಲಿ ನಿಂತ ಕಾರು. ಎಂಜಿನ್ ಸ್ಟಾರ್ಟ್ ಆಗುತ್ತದೆ, ಫಸ್ಟ್ ಗೇರ್ ಹೇಗೋ ಬೀಳುತ್ತದೆ. ಸೆಕೆಂಡಿಗೆ ಎಳೆದರೆ ಮಾತ್ರ ಲಿವರ್ ಅರ್ಧ ದಾರಿಯಲ್ಲಿ ರಬ್ಬರಿಗೆ ತಾಗಿದಂತೆ ನಿಂತುಬಿಡುತ್ತದೆ. ಇನ್ನಷ್ಟು ಒತ್ತಿದರೆ ‘ಕರ್ರ್’ ಎಂದು ಒರಲುತ್ತದೆ. ಹತ್ತು ಹದಿನೈದು ಕಿಲೋಮೀಟರ್ ಓಡಿದ ಮೇಲೆ ಅದೇ ಗೇರ್ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು.

ಈ ಲಕ್ಷಣ ಕಂಡಕೂಡಲೇ ಗೇರ್‌ಬಾಕ್ಸ್ ಹೋಯಿತು ಎಂದು ಬಿಚ್ಚಿಸಲು ಹೊರಡಬೇಡಿ. ಚಳಿಯಲ್ಲಿ ಮಾತ್ರ ಕಾಡುವ ತೊಂದರೆಗೆ ಬಹುತೇಕ ಮೂರೇ ಮೂಲ: ಗಟ್ಟಿಯಾದ ಗೇರ್ ಆಯಿಲ್, ಪೆಡಲ್ ಒತ್ತಿದರೂ ಎಂಜಿನ್‌ನಿಂದ ಪೂರ್ತಿ ಬಿಡದ ಕ್ಲಚ್, ಲಿವರನ್ನು ಗೇರ್‌ಬಾಕ್ಸ್‌ಗೆ ಜೋಡಿಸುವ, ಬಿಗಿದುಕೊಂಡ ಲಿಂಕೇಜ್ (ರಾಡ್‌ಗಳು) ಅಥವಾ ಕೇಬಲ್. ಮೂರನ್ನೂ ಬೇರ್ಪಡಿಸಲು ಹತ್ತು ನಿಮಿಷ ಸಾಕು, ಉಪಕರಣವೂ ಬೇಡ. ಆದರೆ ಆ ಹತ್ತು ನಿಮಿಷ ಗಾಡಿ ತಣ್ಣಗಿರುವಾಗಲೇ ಸಿಗಬೇಕು. ವರ್ಕ್‌ಶಾಪ್‌ವರೆಗೆ ಓಡಿಸಿಕೊಂಡು ಹೋದರೆ ಅಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ, ಮೆಕ್ಯಾನಿಕ್ ನಿಮ್ಮ ಮುಖ ನೋಡುತ್ತಾನೆ.

ಒಳಗೆ ನಡೆಯುವುದೇನು

ಗೇರ್ ಬದಲಿಸುವಾಗ ಹಲ್ಲಿನ ಚಕ್ರಗಳು ಒಂದರೊಳಗೊಂದು ಹೋಗಿ ಕೂರುವುದಿಲ್ಲ. ಅವು ಯಾವಾಗಲೂ ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಲಿವರ್ ಸರಿಸುವುದು ಒಂದು ಸ್ಲೀವ್ ಅನ್ನು. ಅದು ಹೋಗಿ ಗೇರ್‌ನ ಪಕ್ಕದ ಸಣ್ಣ ಹಲ್ಲುಗಳನ್ನು ಹಿಡಿಯಬೇಕಾದರೆ ಎರಡರ ವೇಗವೂ ಒಂದಾಗಬೇಕು. ಆ ಕೆಲಸ ಸಿಂಕ್ರೊನೈಜರ್ ರಿಂಗ್‌ನದು. ಹಿತ್ತಾಳೆಯ ಈ ರಿಂಗ್‌ನ ಒಳಮೈಯಲ್ಲಿ ಸಣ್ಣ ಸಣ್ಣ ಗೀರುಗಳಿರುತ್ತವೆ. ಗೇರ್‌ನ ಶಂಕುವಿನಾಕಾರದ ಮೈ ಮೇಲಿರುವ ಆಯಿಲ್ ಪದರವನ್ನು ಆ ಗೀರುಗಳು ಒರೆಸಿ ತೆಗೆದ ಮೇಲೆಯೇ ಲೋಹಕ್ಕೆ ಲೋಹ ತಾಗಿ ಹಿಡಿತ ಸಿಗುವುದು. ವೇಗ ಒಂದಾಗುವವರೆಗೆ ರಿಂಗ್ ಅಡ್ಡ ನಿಂತು ಸ್ಲೀವ್‌ಗೆ ದಾರಿ ಬಿಡುವುದಿಲ್ಲ.

ತಣ್ಣಗಿರುವಾಗ ಆ ಆಯಿಲ್ ಪದರ ದಪ್ಪ, ಒರೆಸಲು ಹೊತ್ತು ಬೇಕು. ಅಷ್ಟರವರೆಗೆ ಲಿವರ್ ತಡೆದಂತೆ ಅನ್ನಿಸುವುದು ಸಹಜ, ಅದು ರಿಂಗ್ ತನ್ನ ಕೆಲಸ ಮಾಡುತ್ತಿರುವುದರ ಗುರುತು. ನೀವು ಜೋರಾಗಿ ತಳ್ಳಿದರೆ, ಹಿಡಿತ ಸಿಗುವ ಮೊದಲೇ ರಿಂಗ್ ಪಕ್ಕಕ್ಕೆ ಸರಿದು ಸ್ಲೀವ್ ನುಗ್ಗುತ್ತದೆ. ‘ಕರ್ರ್’ ಶಬ್ದ ಅಲ್ಲಿಂದ ಬರುತ್ತದೆ. ಪ್ರತಿ ಸಲವೂ ಆ ಸಣ್ಣ ಹಲ್ಲುಗಳ ತುದಿ ಒಂದಿಷ್ಟು ಮೊಂಡಾಗುತ್ತದೆ. ಒಂದು ಚಳಿಗಾಲದ ದುಡುಕು ಮುಂದಿನ ಬೇಸಿಗೆಯಲ್ಲೂ ಕೇಳುವ ಶಬ್ದವಾಗುವುದು ಹೀಗೆ.

ಸೆಕೆಂಡ್ ಗೇರೇ ಯಾಕೆ ಹೆಚ್ಚು ಕಾಡುತ್ತದೆ? ಲೆಕ್ಕ ಸರಳ. ಫಸ್ಟ್‌ನ ಅನುಪಾತ 3.5, ಸೆಕೆಂಡ್‌ನದು 1.9 ಎಂದುಕೊಳ್ಳಿ. 3,000 ಆರ್‌ಪಿಎಂನಲ್ಲಿ ಬದಲಿಸಿದರೆ ಗೇರ್‌ಬಾಕ್ಸ್ ಒಳಗಿನ, ಎಂಜಿನ್ ಕಡೆಯ ಶಾಫ್ಟ್ ಸುಮಾರು 1,630ಕ್ಕೆ ಇಳಿಯಬೇಕು, ಅಂದರೆ 1,370ರಷ್ಟು ಕುಸಿತ. ನಾಲ್ಕರಿಂದ ಐದಕ್ಕೆ, ಅನುಪಾತ 1.0ರಿಂದ 0.8 ಆದರೆ, ಕುಸಿತ ಬರೀ 600. ಫಸ್ಟ್‌ನಿಂದಲೇ 2,000ದಲ್ಲಿ ಬದಲಿಸಿದರೆ ಕುಸಿತ 900ರ ಆಸುಪಾಸಿಗೆ ಬರುತ್ತದೆ, ರಿಂಗ್‌ನ ಹೊರೆ ಮೂರನೇ ಒಂದರಷ್ಟು ಇಳಿಯುತ್ತದೆ. ತಣ್ಣಗಿನ ಗೇರ್‌ಬಾಕ್ಸ್‌ನಲ್ಲಿ ಕಡಿಮೆ ಆರ್‌ಪಿಎಂಗೇ ಗೇರ್ ಬದಲಿಸಿ ಎನ್ನುವುದು ಇದಕ್ಕೇ.

ಇಳಿಗೇರಿನ ಕಥೆ ಇನ್ನೂ ಬೇರೆ. ಮೂರರಿಂದ ಎರಡಕ್ಕೆ ಬರುವಾಗ ಶಾಫ್ಟ್‌ನ ವೇಗ ಏರಬೇಕು, ದಪ್ಪ ಆಯಿಲ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ರಿಂಗ್ ಎರಡು ಕಡೆ ಹೋರಾಡಬೇಕು. ಮೇಲಕ್ಕೆ ಹೋಗುವಾಗ ಸಲೀಸಾಗಿ ಬಿದ್ದು ಕೆಳಕ್ಕೆ ಬರುವಾಗ ಮಾತ್ರ ತಕರಾರು ಮಾಡಿದರೆ ಅದು ಬಹುತೇಕ ಆಯಿಲ್‌ನ ದಪ್ಪವೇ.

ಮೊದಲು ಪತ್ತೆ

ರಾತ್ರಿಯಿಡೀ ನಿಂತ ಗಾಡಿಯಲ್ಲಿ ಈ ಕ್ರಮದಲ್ಲಿ ನೋಡಿ. ಹ್ಯಾಂಡ್‌ಬ್ರೇಕ್ ಎಳೆದಿರಲಿ, ಗಾಡಿ ಸಮತಟ್ಟಾದ ಜಾಗದಲ್ಲಿರಲಿ.

1. ಮೊದಲು ಬಗ್ಗಿ ಪೆಡಲ್ ಕೆಳಗೆ ನೋಡಿ. ಚಳಿಗಾಲಕ್ಕೆಂದು ಹಾಸಿದ ದಪ್ಪ ಮ್ಯಾಟ್ ಮುದುರಿ ಕ್ಲಚ್ ಪೆಡಲ್ ಅಡಿಗೆ ಬಂದಿರುತ್ತದೆ, ಅಥವಾ ಬೂಟಿನ ಹಿಮ ಅಲ್ಲೇ ಹೆಪ್ಪುಗಟ್ಟಿರುತ್ತದೆ. ಪೆಡಲ್ ಒಂದೆರಡು ಸೆಂಟಿಮೀಟರ್ ಮೇಲೆಯೇ ನಿಂತರೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ನಗು ಬರುವಂಥ ಕಾರಣ, ಆದರೆ ಗೇರ್‌ಬಾಕ್ಸ್ ಇಳಿಸಿದ ಮೇಲೆ ಗೊತ್ತಾದರೆ ನಗು ಬರುವುದಿಲ್ಲ.

2. ಎಂಜಿನ್ ಆಫ್ ಇರುವಾಗ, ಕ್ಲಚ್ ಒತ್ತಿ, ಎಲ್ಲ ಗೇರ್‌ಗಳನ್ನೂ ಒಂದೊಂದಾಗಿ ಹಾಕಿ ತೆಗೆಯಿರಿ. ಯಾವುದಾದರೂ ಒಂದು ಹಲ್ಲಿಗೆ ಹಲ್ಲು ಎದುರಾಗಿ ಬೀಳದಿದ್ದರೆ ಹ್ಯಾಂಡ್‌ಬ್ರೇಕ್ ಬಿಟ್ಟು ಗಾಡಿಯನ್ನು ಒಂದು ಗೇಣು ಹಿಂದೆ ಮುಂದೆ ದೂಡಿ, ಬ್ರೇಕ್ ಎಳೆದು ಮತ್ತೆ ನೋಡಿ.

3. ಈಗ ಎಂಜಿನ್ ಸ್ಟಾರ್ಟ್ ಮಾಡಿ ಅದನ್ನೇ ಮಾಡಿ.

ಆಫ್ ಇದ್ದಾಗ ಸಲೀಸು, ಸ್ಟಾರ್ಟ್ ಆದ ಮೇಲೆ ಫಸ್ಟ್ ಮತ್ತು ರಿವರ್ಸ್ ಬಿಗಿ ಅಥವಾ ಗರಗರ: ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಆಫ್ ಇದ್ದಾಗಲೂ ಬಿಗಿ: ಲಿಂಕೇಜ್, ಕೇಬಲ್ ಅಥವಾ ಗೇರ್‌ಬಾಕ್ಸ್ ಒಳಗೆ ಸ್ಲೀವ್ ಸರಿಸುವ ಸೆಲೆಕ್ಟರ್. ನಿಂತಾಗ ಎರಡೂ ಸ್ಥಿತಿಯಲ್ಲಿ ಸಲೀಸು, ಓಡುವಾಗ ಬದಲಿಸಲು ಮಾತ್ರ ಕಷ್ಟ: ಆಯಿಲ್, ಇಲ್ಲವೇ ಸವೆದ ಸಿಂಕ್ರೊ ರಿಂಗ್.

4. ಕ್ಲಚ್ ಮೇಲೆ ಅನುಮಾನವಿದ್ದರೆ ಇನ್ನೊಂದು ಪರೀಕ್ಷೆ. ನ್ಯೂಟ್ರಲ್‌ನಲ್ಲಿ ಐಡಲ್ ಓಡುತ್ತಿರಲಿ. ಕ್ಲಚ್ ಪೂರ್ತಿ ಒತ್ತಿ ಐದು ಸೆಕೆಂಡ್ ಎಣಿಸಿ, ಆಮೇಲೆ ನಿಧಾನಕ್ಕೆ ರಿವರ್ಸ್‌ಗೆ ಹಾಕಿ. ಬಹಳಷ್ಟು ಗೇರ್‌ಬಾಕ್ಸ್‌ಗಳಲ್ಲಿ ರಿವರ್ಸ್‌ಗೆ ಸಿಂಕ್ರೊ ಇರುವುದಿಲ್ಲ, ಹಾಗಾಗಿ ಅದು ಸುಳ್ಳು ಹೇಳುವುದಿಲ್ಲ. ಆಯಿಲ್ ಗಟ್ಟಿಯಿದ್ದರೆ ಶಾಫ್ಟ್ ಬೇಗನೆ ನಿಲ್ಲಬೇಕು. ಅದನ್ನೂ ಮೀರಿ ತಣ್ಣಗಿರುವಾಗಲೇ ಗರಗರ ಎಂದರೆ, ಏನೋ ಶಾಫ್ಟನ್ನು ಎಳೆದು ತಿರುಗಿಸುತ್ತಲೇ ಇದೆ. ಅದು ಕ್ಲಚ್ ಅಥವಾ ಪೈಲಟ್ ಬೇರಿಂಗ್ (ಎಂಜಿನ್ ಬದಿಯಲ್ಲಿ ಆ ಶಾಫ್ಟ್‌ನ ತುದಿ ಕೂರುವ ಪುಟ್ಟ ಬೇರಿಂಗ್).

5. ಪೆಡಲನ್ನು ಎರಡು ಮೂರು ಸಲ ಬೇಗ ಬೇಗ ಒತ್ತಿ ಬಿಟ್ಟು, ಕೊನೆಯ ಸಲ ಒತ್ತಿ ಹಿಡಿದು ಗೇರ್ ಹಾಕಿ. ಹೀಗೆ ಮಾಡಿದಾಗ ಸಲೀಸಾದರೆ ಕ್ಲಚ್‌ನ ಹೈಡ್ರಾಲಿಕ್ ಲೈನ್‌ನಲ್ಲಿ ಗಾಳಿ ಇದೆ ಅಥವಾ ಸಿಲಿಂಡರ್ ಸೀಲ್ ಸೋರುತ್ತಿದೆ.

ಒಂದೇ ಗೇರ್ ಮಾತ್ರ, ಅದೂ ಬಿಸಿಯಾದ ಮೇಲೂ ಸ್ವಲ್ಪ ಉಳಿಯುವಂತೆ ಗರಗರ ಎಂದರೆ ಆ ಗೇರ್‌ನ ರಿಂಗ್ ಸವೆದಿದೆ. ಆಯಿಲ್ ಬದಲಿಸಿದರೆ ಕಡಿಮೆಯಾಗಬಹುದು, ಹೋಗುವುದಿಲ್ಲ.

ಇವತ್ತು ಬೆಳಿಗ್ಗೆ ಓಡಿಸಲೇಬೇಕಿದ್ದರೆ

ಕ್ಲಚ್ ಒತ್ತಿಯೇ ಸ್ಟಾರ್ಟ್ ಮಾಡಿ. ಇಲ್ಲದಿದ್ದರೆ ಸ್ಟಾರ್ಟರ್ ಮೋಟಾರ್ ಎಂಜಿನ್ ಜೊತೆಗೆ ಗೇರ್‌ಬಾಕ್ಸ್‌ನ ಶಾಫ್ಟ್‌ಗಳನ್ನೂ ಗಟ್ಟಿ ಆಯಿಲ್‌ನಲ್ಲಿ ತಿರುಗಿಸಬೇಕು, ಮೊದಲೇ ಬಡವಾದ ಬ್ಯಾಟರಿಗೆ ಅದು ಹೊರೆ. ಸ್ಟಾರ್ಟ್ ಆದ ಮೇಲೆ ನ್ಯೂಟ್ರಲ್‌ನಲ್ಲಿ ಕ್ಲಚ್ ಅನ್ನು ನಿಧಾನವಾಗಿ ಬಿಡಿ. ಎಂಜಿನ್ ಸದ್ದು ಒಂದು ಕ್ಷಣ ಕುಗ್ಗಿದರೆ ಹೆದರಬೇಕಿಲ್ಲ, ಶಾಫ್ಟ್ ಆಯಿಲನ್ನು ಕಡೆಯಲು ಶುರುಮಾಡಿದೆ ಅಷ್ಟೇ. ಬ್ರೇಕ್ ಮೇಲೆ ಕಾಲಿರಲಿ: ತೀರಾ ಚಳಿಯಲ್ಲಿ ಆಯಿಲ್ ಎಷ್ಟು ಅಂಟಾಗಿರುತ್ತದೆಂದರೆ ನ್ಯೂಟ್ರಲ್‌ನಲ್ಲೇ ಗಾಡಿ ಮೆಲ್ಲಗೆ ಮುಂದಕ್ಕೆ ತೆವಳಬಹುದು.

ಒಂದೆರಡು ನಿಮಿಷ ಹೀಗೆ ಬಿಟ್ಟರೆ ಸಾಕು. ಅರ್ಧ ಗಂಟೆ ಐಡಲ್ ಓಡಿಸಿ ಗೇರ್‌ಬಾಕ್ಸ್ ಬಿಸಿ ಮಾಡುತ್ತೇನೆ ಎನ್ನುವುದು ಪೆಟ್ರೋಲ್ ಸುಡುವ ದಾರಿ. ನಿಂತಲ್ಲಿ ತಿರುಗುವುದು ಇನ್‌ಪುಟ್ ಕಡೆಯ ಗೇರ್‌ಗಳು ಮಾತ್ರ. ಚಕ್ರದ ಕಡೆಯ ಶಾಫ್ಟ್ ಮತ್ತು ಡಿಫರೆನ್ಷಿಯಲ್ ತಣ್ಣಗೇ ಇರುತ್ತವೆ. ಡ್ಯಾಶ್‌ಬೋರ್ಡ್‌ನ ಉಷ್ಣತೆಯ ಮುಳ್ಳನ್ನೂ ನಂಬಬೇಡಿ. ಅದು ಎಂಜಿನ್ ಕೂಲಂಟ್‌ನದು. ಗೇರ್‌ಬಾಕ್ಸ್ ಅದಕ್ಕಿಂತ ಬಹಳ ತಡವಾಗಿ, ಓಡುತ್ತ ಓಡುತ್ತ ಮಾತ್ರ ಕಾಯುತ್ತದೆ.

ಹೊರಟ ಮೇಲೆ ಮೊದಲ ಕೆಲವು ಕಿಲೋಮೀಟರ್ 2,000 ಆರ್‌ಪಿಎಂ ಆಸುಪಾಸಿನಲ್ಲೇ ಗೇರ್ ಬದಲಿಸಿ. ಲಿವರ್ ಮೇಲೆ ಮುಷ್ಟಿ ಬೇಡ, ಎರಡು ಬೆರಳು ಮತ್ತು ಹೆಬ್ಬೆರಳು ಸಾಕು. ನ್ಯೂಟ್ರಲ್‌ವರೆಗೆ ತನ್ನಿ, ಮುಂದಿನ ಗೇರ್ ಕಡೆಗೆ ಒಂದೇ ಸಮನೆ ಹಗುರವಾಗಿ ಒತ್ತಿ ಹಿಡಿದಿರಿ. ತಡೆ ಇರುವಷ್ಟು ಹೊತ್ತು ಒತ್ತಡ ಹೆಚ್ಚಿಸದೆ ಕಾಯಿರಿ. ರಿಂಗ್ ಆಯಿಲ್ ಒರೆಸಿದ ಕ್ಷಣ ಲಿವರ್ ತಾನಾಗಿ ಒಳಗೆ ಎಳೆದುಕೊಂಡಂತೆ ಹೋಗುತ್ತದೆ. ಆ ಕ್ಷಣ ಬೆರಳಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಒಮ್ಮೆ ಗೊತ್ತಾದರೆ ಮತ್ತೆಂದೂ ತಳ್ಳುವ ಮನಸ್ಸಾಗುವುದಿಲ್ಲ.

ಒಂದೆರಡು ಸೆಕೆಂಡ್ ಕಾದರೂ ಹೋಗದಿದ್ದರೆ? ನ್ಯೂಟ್ರಲ್‌ನಲ್ಲಿ ಕಾಯುತ್ತ ಕೂತರೆ ಗಟ್ಟಿ ಆಯಿಲ್ ಶಾಫ್ಟನ್ನು ಬೇಕಾದ್ದಕ್ಕಿಂತ ಕೆಳಗೆ ಇಳಿಸಿಬಿಡುತ್ತದೆ, ಆಮೇಲೆ ರಿಂಗ್ ಅದನ್ನು ಮತ್ತೆ ಮೇಲೆತ್ತಬೇಕು. ಅದರ ಬದಲು ನ್ಯೂಟ್ರಲ್‌ನಲ್ಲೇ ಕ್ಲಚ್ ಒಮ್ಮೆ ಪೂರ್ತಿ ಬಿಡಿ, ಮತ್ತೆ ಒತ್ತಿ, ತಕ್ಷಣ ಗೇರ್ ಹಾಕಿ. ಕೆಳಗಿನ ಗೇರ್‌ಗೆ ಬರುವಾಗ, ಕ್ಲಚ್ ಬಿಟ್ಟ ಆ ಕ್ಷಣದಲ್ಲಿ ಸ್ವಲ್ಪ ರೇಸ್ ಕೊಡಿ: ಮೂರರಲ್ಲಿ 1,500 ಇದ್ದರೆ ಎರಡಕ್ಕೆ ಸುಮಾರು 2,200 ಬೇಕಾಗುತ್ತದೆ. ಹಳೆಯ ಲಾರಿ ಚಾಲಕರ ಡಬಲ್ ಕ್ಲಚ್ ಇದೇ. ಸಿಂಕ್ರೊ ಬಂದ ಮೇಲೆ ಮರೆತುಹೋದ ವಿದ್ಯೆ, ಚಳಿಯಲ್ಲಿ ಮಾತ್ರ ಮತ್ತೆ ಕೈ ಹಿಡಿಯುತ್ತದೆ.

ರಿವರ್ಸ್‌ಗೆ ಇನ್ನೊಂದು ಉಪಾಯವಿದೆ. ಗಾಡಿ ಪೂರ್ತಿ ನಿಂತಿರಲಿ, ಕ್ಲಚ್ ಒತ್ತಿಕೊಂಡೇ ಮೊದಲು ಮುಂದಕ್ಕೆ ಓಡಿಸುವ ಯಾವುದಾದರೂ ಗೇರ್‌ಗೆ ಹಾಕಿ, ಅಲ್ಲಿಂದ ನೇರವಾಗಿ ರಿವರ್ಸ್‌ಗೆ ತನ್ನಿ. ಆ ಗೇರ್‌ನ ಸಿಂಕ್ರೊ ಶಾಫ್ಟನ್ನು ನಿಲ್ಲಿಸಿ ಕೊಡುತ್ತದೆ.

ಆಯಿಲ್: ದಪ್ಪ ಇದ್ದರೆ ಒಳ್ಳೆಯದು ಎಂಬ ಭ್ರಮೆ

ಚಳಿಯ ತಕರಾರುಗಳಲ್ಲಿ ಹೆಚ್ಚಿನವು ಇಲ್ಲಿಯೇ ಮುಗಿಯುತ್ತವೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಡಬ್ಬಿಯ ಮೇಲಿನ 80ಡಬ್ಲ್ಯು-90 ಎನ್ನುವಲ್ಲಿ ಡಬ್ಲ್ಯುಗೆ ಮುಂಚಿನ ಅಂಕಿ ಚಳಿಯದು, ನಂತರದ್ದು ಬಿಸಿಯದು. ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇಯ ಮಾನದಂಡದ ಪ್ರಕಾರ ಗೇರ್ ಆಯಿಲ್‌ನ ಚಳಿ ದರ್ಜೆ ನಿರ್ಧಾರವಾಗುವುದು ಅದರ ಜಿಗುಟು 1,50,000 ಸೆಂಟಿಪಾಯ್ಸ್ ಮೀರದೆ ಇರುವ ಅತಿ ಕಡಿಮೆ ಉಷ್ಣತೆಯಿಂದ. 85ಡಬ್ಲ್ಯುಗೆ ಅದು ಮೈನಸ್ 12 ಡಿಗ್ರಿ ಸೆಲ್ಸಿಯಸ್, 80ಡಬ್ಲ್ಯುಗೆ ಮೈನಸ್ 26, 75ಡಬ್ಲ್ಯುಗೆ ಮೈನಸ್ 40, 70ಡಬ್ಲ್ಯುಗೆ ಮೈನಸ್ 55. ಆದರೆ 1,50,000 ಎಂದರೆ ಏನು? ಕೋಣೆಯಲ್ಲಿಟ್ಟ ಜೇನುತುಪ್ಪ 10,000ದ ಆಸುಪಾಸು. ಅದರ ಹದಿನೈದು ಪಟ್ಟು ಜಿಗುಟು. ಬೇರಿಂಗ್ ಹಾಳಾಗದಿರಲು ಇರಬೇಕಾದ ಕೊನೆಯ ಮಿತಿ ಅದು, ಗೇರ್ ಸಲೀಸಾಗಿ ಬೀಳುವ ಮಿತಿಯಲ್ಲ. ಸಿಂಕ್ರೊ ಚೆನ್ನಾಗಿ ಕೆಲಸ ಮಾಡಲು ಕೆಲವು ಗೇರ್‌ಬಾಕ್ಸ್‌ಗಳಿಗೆ 20,000ದ ಒಳಗೆ ಬೇಕಾಗುತ್ತದೆ. ಅಂದರೆ 80ಡಬ್ಲ್ಯು ಆಯಿಲ್ ಮೈನಸ್ 26ರವರೆಗೆ ನಡೆಯುತ್ತದೆ ಎಂದು ನಂಬಿದರೆ, ಅದಕ್ಕೆ ಬಹಳ ಮುಂಚೆಯೇ ಲಿವರ್ ಮುನಿಸಿಕೊಂಡಿರುತ್ತದೆ.

ಈ ಅಂಕಿಗಳನ್ನು ಎಂಜಿನ್ ಆಯಿಲ್‌ನ ಅಂಕಿಗಳ ಜೊತೆ ಹೋಲಿಸಬೇಡಿ, ಅಳತೆಗೋಲೇ ಬೇರೆ. 90 ದರ್ಜೆಯ ಗೇರ್ ಆಯಿಲ್ 100 ಡಿಗ್ರಿಯಲ್ಲಿ ಹೆಚ್ಚುಕಡಿಮೆ 40 ಅಥವಾ 50 ದರ್ಜೆಯ ಎಂಜಿನ್ ಆಯಿಲ್‌ನಷ್ಟೇ ದಪ್ಪ.

ಹಾಗಾದರೆ ಏನು ಹಾಕಬೇಕು? ಮಾಲೀಕರ ಕೈಪಿಡಿಯಲ್ಲಿ ಬರೆದಿರುವ ದರ್ಜೆಯೇ ಮೊದಲ ಮಾತು, ಕೊನೆಯ ಮಾತೂ ಹೌದು. ಅದರ ಮಿತಿಯೊಳಗೇ ಅವಕಾಶ ಸಿಗುತ್ತದೆ: ಕೈಪಿಡಿ ಉಷ್ಣತೆಗೆ ತಕ್ಕಂತೆ ಎರಡು ಮೂರು ದರ್ಜೆ ಕೊಟ್ಟಿದ್ದರೆ ಮೊದಲಂಕಿ ಕಡಿಮೆ ಇರುವುದನ್ನು ಆರಿಸಿ. ಮಿನರಲ್ 80ಡಬ್ಲ್ಯು-90 ಬದಲು ಸಿಂಥೆಟಿಕ್ 75ಡಬ್ಲ್ಯು-90 ಹಾಕಿದರೆ ಬಿಸಿಯಲ್ಲಿ ಅದೇ ರಕ್ಷಣೆ, ಚಳಿಯಲ್ಲಿ ಹಗುರ. ಎರಡನೇ ಅಂಕಿಯನ್ನು ಮಾತ್ರ ನಿಮ್ಮ ಇಷ್ಟಕ್ಕೆ ಇಳಿಸಬೇಡಿ. ಬೆಳಗಿನ ಹತ್ತು ನಿಮಿಷದ ಸುಖಕ್ಕೆ ಹೆದ್ದಾರಿಯ ಬಿಸಿಯಲ್ಲಿ ಹಲ್ಲು, ಬೇರಿಂಗ್ ಬೆಲೆ ತೆರುತ್ತವೆ. ಕೆಲವು ಗೇರ್‌ಬಾಕ್ಸ್‌ಗಳಿಗೆ ತಯಾರಕರೇ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್) ಅಥವಾ ತಮ್ಮದೇ ತೆಳು ಎಂಟಿಎಫ್ (ಮ್ಯಾನ್ಯುವಲ್ ಗೇರ್‌ಬಾಕ್ಸ್‌ನದು) ಹೇಳಿರುತ್ತಾರೆ. ಅಂಥದ್ದಕ್ಕೆ ಯಾರೋ ‘ಗಟ್ಟಿಮುಟ್ಟು’ ಎಂದು 90 ಸುರಿದಿದ್ದರೆ ಚಳಿಗಾಲದ ಸಮಸ್ಯೆಗೆ ಬೇರೆ ಕಾರಣ ಹುಡುಕಬೇಕಿಲ್ಲ. ಹಳೆಯ ಗಾಡಿ ಕೊಂಡವರು ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಡಬ್ಬಿಯ ಮೇಲಿನ ಇನ್ನೊಂದು ಅಂಕಿ, ಯಾವ ಬಗೆಯ ಗೇರ್‌ಗೆ ಆಯಿಲ್ ತಕ್ಕದ್ದು ಎಂದು ಹೇಳುವ ಜಿಎಲ್-4 ಮತ್ತು ಜಿಎಲ್-5. ದೊಡ್ಡದು ಮೇಲು ಎಂದುಕೊಂಡು ಜಿಎಲ್-5 ಹಾಕುವವರು ಬಹಳ. ಅದರಲ್ಲಿ ಗಂಧಕ ಮತ್ತು ರಂಜಕದ ಒತ್ತಡ ತಡೆಯುವ ಸಂಯೋಜಕಗಳು ಹೆಚ್ಚು. ಹಿಂಬದಿ ಆಕ್ಸಲ್‌ನ, ಹಲ್ಲುಗಳು ಒಂದರ ಮೇಲೊಂದು ಜಾರುತ್ತ ಕಚ್ಚುವ ಹೈಪಾಯ್ಡ್ ಗೇರ್‌ಗಳಿಗೆ ಅದು ಬೇಕು. ಸಿಂಕ್ರೊ ರಿಂಗ್‌ಗೆ ಬೇಕಿರುವುದು ಜಾರುವಿಕೆಯಲ್ಲ, ಹಿಡಿತ. ಅತಿ ಜಾರು ಆಯಿಲ್‌ನಲ್ಲಿ ರಿಂಗ್ ಜಾರುತ್ತದೆ, ಕೆಲವು ಸಂಯೋಜಕಗಳು ಹಿತ್ತಾಳೆಯನ್ನು ತಿನ್ನುತ್ತವೆ ಕೂಡ. ಕೈಪಿಡಿ ಜಿಎಲ್-4 ಎಂದರೆ ಜಿಎಲ್-4. ಗೇರ್‌ಬಾಕ್ಸ್ ಮತ್ತು ಹೈಪಾಯ್ಡ್ ಡಿಫರೆನ್ಷಿಯಲ್ ಒಂದೇ ಆಯಿಲ್‌ನಲ್ಲಿರುವ ಕೆಲವು ಗಾಡಿಗಳು ಜಿಎಲ್-5 ಕೇಳುತ್ತವೆ, ಅವಕ್ಕೆ ಅದನ್ನೇ ಹಾಕಿ. ಘರ್ಷಣೆ ಕಡಿಮೆ ಮಾಡುವ ಬಾಟಲಿ ಔಷಧಗಳನ್ನು ಸೇರಿಸುವುದೂ ಇದೇ ತಪ್ಪಿನ ಇನ್ನೊಂದು ರೂಪ.

ಅನುಮಾನವಿದ್ದರೆ ಮನೆಯಲ್ಲೇ ನೋಡಬಹುದು. ಒಂದೇ ಅಳತೆಯ ಎರಡು ಪುಟ್ಟ ಗಾಜಿನ ಬಾಟಲಿಗಳಲ್ಲಿ ಅರ್ಧರ್ಧ, ಗೇರ್‌ಬಾಕ್ಸ್‌ನಿಂದ ತೆಗೆದ ಆಯಿಲ್ ಮತ್ತು ಹಾಕಬೇಕೆಂದಿರುವ ಹೊಸದನ್ನು ತುಂಬಿ, ಬಿಗಿಯಾಗಿ ಮುಚ್ಚಿ, ಚೀಲದಲ್ಲಿ ಸುತ್ತಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಎರಡನ್ನೂ ಒಟ್ಟಿಗೆ ತಲೆಕೆಳಗು ಮಾಡಿ. ಒಳಗಿನ ಗಾಳಿಗುಳ್ಳೆ ಮೇಲೇರುವ ಹೊತ್ತನ್ನು ಎಣಿಸಿ. ಒಂದರಲ್ಲಿ ಗುಳ್ಳೆ ಏರುತ್ತಿರುತ್ತದೆ, ಇನ್ನೊಂದರಲ್ಲಿ ಆಯಿಲ್ ಬೆಲ್ಲದ ಪಾಕದಂತೆ ತಳಕ್ಕೆ ಅಂಟಿ ಅಲುಗುವುದೇ ಇಲ್ಲ. ನಿಮ್ಮ ಸಿಂಕ್ರೊ ರಿಂಗ್ ದಿನಾ ಬೆಳಿಗ್ಗೆ ಒರೆಸುತ್ತಿರುವುದು ಏನನ್ನು ಎಂದು ಕಣ್ಣಾರೆ ಕಾಣುತ್ತದೆ.

ಆಯಿಲ್ ಬದಲಿಸುವ ಕ್ರಮ

ಬೇಕಾದದ್ದು: ಕೈಪಿಡಿ ಹೇಳಿದ ಪ್ರಮಾಣದ ಆಯಿಲ್ (ಸಾಮಾನ್ಯ ಕಾರಿನಲ್ಲಿ ಸುಮಾರು 1.5ರಿಂದ 3 ಲೀಟರ್), ಡ್ರೇನ್ ಮತ್ತು ಫಿಲ್ ಪ್ಲಗ್‌ಗಳಿಗೆ ಹೊಸ ವಾಷರ್, ಸರಿಯಾದ ಅಳತೆಯ ಸ್ಪ್ಯಾನರ್ ಅಥವಾ ಅಲೆನ್ ಕೀ, ಟಾರ್ಕ್ ವ್ರೆಂಚ್, ಕೈಪಂಪ್ ಅಥವಾ ಒಂದು ಮೀಟರ್ ಉದ್ದದ ಪೈಪ್ ಜೊತೆ ಆಲಿಕೆ, ಹಳೆಯ ಆಯಿಲ್ ಹಿಡಿಯಲು ತಟ್ಟೆ, ನಾಲ್ಕು ಜಾಕ್ ಸ್ಟ್ಯಾಂಡ್.

1. ಗಾಡಿಯನ್ನು 15–20 ನಿಮಿಷ ಓಡಿಸಿ ಬನ್ನಿ. ಬೆಚ್ಚಗಿನ ಆಯಿಲ್ ಪೂರ್ತಿ ಇಳಿಯುತ್ತದೆ, ತಳದ ಲೋಹದ ಪುಡಿಯನ್ನೂ ತರುತ್ತದೆ.

2. ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟು ಗಾಡಿಯನ್ನು ಮಟ್ಟಸವಾಗಿ ಎತ್ತಿ. ಮುಂದೆ ಮಾತ್ರ ಎತ್ತಿದರೆ ಆಯಿಲ್ ಮಟ್ಟ ತಪ್ಪುತ್ತದೆ. ಜಾಕ್ ಒಂದರ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ.

3. ಮೊದಲು ಫಿಲ್ ಪ್ಲಗ್ ಸಡಿಲಿಸಿ. ಇದನ್ನು ಬಿಟ್ಟು ಡ್ರೇನ್ ಬಿಚ್ಚಿ, ಆಮೇಲೆ ಫಿಲ್ ಪ್ಲಗ್ ತುಕ್ಕು ಹಿಡಿದು ಬಾರದಿದ್ದರೆ ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ಕೂರಬೇಕಾಗುತ್ತದೆ.

4. ಡ್ರೇನ್ ಪ್ಲಗ್ ತೆಗೆದು 15–20 ನಿಮಿಷ ಇಳಿಯಲು ಬಿಡಿ. ಪ್ಲಗ್‌ನ ಮ್ಯಾಗ್ನೆಟ್‌ಗೆ ಅಂಟಿದ ಬೂದು ಬಣ್ಣದ ನುಣುಪು ಪೇಸ್ಟ್ ಸಹಜ, ಒರೆಸಿ. ಉಗುರಿನಿಂದ ಎತ್ತಬಹುದಾದ ಚೂರು ಸಿಕ್ಕರೆ ಯಾವುದೋ ಹಲ್ಲು ಒಡೆದಿರಬಹುದು. ಆಯಿಲನ್ನು ಬಿಸಿಲಿಗೆ ಹಿಡಿದಾಗ ಚಿನ್ನದ ಮಿನುಗು ಕಂಡರೆ ಅದು ಸಿಂಕ್ರೊ ರಿಂಗ್‌ನ ಹಿತ್ತಾಳೆ. ಹಾಲು ಬೆರೆಸಿದ ಬಣ್ಣವಿದ್ದರೆ ನೀರು ಸೇರಿದೆ. ಬ್ರೀದರ್ ಪೈಪ್ (ಗೇರ್‌ಬಾಕ್ಸ್‌ಗೆ ಗಾಳಿಯಾಡುವ ಕೊಳವೆ) ಅಥವಾ ಹರಿದ ರಬ್ಬರ್ ಬೂಟ್ ಹುಡುಕಿ, ಆ ನೀರೇ ರಾತ್ರಿ ಹೆಪ್ಪುಗಟ್ಟಿ ಸೆಲೆಕ್ಟರನ್ನು ಕಚ್ಚುತ್ತಿರಬಹುದು.

5. ಡೀಸೆಲ್, ಸೀಮೆಎಣ್ಣೆ ಹಾಕಿ ತೊಳೆಯಬೇಡಿ. ಮೂಲೆಗಳಲ್ಲಿ ಉಳಿದದ್ದು ಹೊಸ ಆಯಿಲನ್ನು ತೆಳು ಮಾಡುತ್ತದೆ. ತೀರಾ ಕೊಳೆಯಿದ್ದರೆ ಅದೇ ದರ್ಜೆಯ ಆಯಿಲ್ ಹಾಕಿ, ಕೆಲವು ನೂರು ಕಿಲೋಮೀಟರ್ ಬಿಟ್ಟು ಮತ್ತೆ ಬದಲಿಸಿ.

6. ಹೊಸ ವಾಷರ್ ಹಾಕಿ ಡ್ರೇನ್ ಪ್ಲಗ್ ಅನ್ನು ಕೈಪಿಡಿಯ ಟಾರ್ಕ್‌ಗೆ ಬಿಗಿ ಮಾಡಿ. ಕವಚ ಅಲ್ಯೂಮಿನಿಯಂ, ಅಂದಾಜಿನ ಬಿಗಿತಕ್ಕೆ ಅದರ ತಿರುಪಿನ ಮರೆ (ಥ್ರೆಡ್) ಕಿತ್ತುಬರುತ್ತದೆ.

7. ಹೊಸ ಆಯಿಲ್ ಹಿಂದಿನ ರಾತ್ರಿಯಿಂದ ಮನೆಯೊಳಗಿರಲಿ, ಇಲ್ಲದಿದ್ದರೆ ಪಂಪ್ ಮಾಡಿ ಕೈ ಬಿದ್ದುಹೋಗುತ್ತದೆ. ಫಿಲ್ ರಂಧ್ರದ ಕೆಳ ಅಂಚಿನಿಂದ ತೊಟ್ಟಿಕ್ಕುವವರೆಗೆ ತುಂಬಿ, ಐದು ಹತ್ತು ನಿಮಿಷ ಕಾದು, ತೊಟ್ಟಿಕ್ಕುವುದು ನಿಂತ ಮೇಲೆ ಪ್ಲಗ್ ಹಾಕಿ. ಎಷ್ಟು ಹಿಡಿಯಿತು ಎಂದು ಕೈಪಿಡಿಯ ಅಂಕಿಯೊಂದಿಗೆ ತಾಳೆ ನೋಡಿ. ಮಟ್ಟ ನೋಡುವ ರಂಧ್ರ ಇಲ್ಲದ ಗೇರ್‌ಬಾಕ್ಸ್‌ಗಳಲ್ಲಿ ಅಳೆದೇ ಹಾಕಬೇಕು. ಒಂದಿಷ್ಟು ಹೆಚ್ಚಿರಲಿ ಎಂದು ತುಂಬಿದರೆ ನೊರೆಯಾಗಿ ಸೀಲ್ ಸೋರುತ್ತದೆ.

ಫಲಿತಾಂಶ ಅದೇ ದಿನ ನೋಡಬೇಡಿ. ಮತ್ತೊಂದು ಅಷ್ಟೇ ಚಳಿಯ ಬೆಳಿಗ್ಗೆ ನೋಡಿದರೆ ಮಾತ್ರ ಹೋಲಿಕೆ ನ್ಯಾಯವಾದದ್ದು.

ಕ್ಲಚ್ ಕಡೆ ಬೆರಳು ತೋರಿದರೆ

ಹೈಡ್ರಾಲಿಕ್ ಕ್ಲಚ್‌ನಲ್ಲಿ ಇರುವುದು ಬ್ರೇಕ್ ಫ್ಲೂಯಿಡ್. ಬಹಳ ಗಾಡಿಗಳಲ್ಲಿ ಟ್ಯಾಂಕ್ ಕೂಡ ಬ್ರೇಕ್‌ನದೇ. ಅದು ವರ್ಷಗಳಲ್ಲಿ ಗಾಳಿಯ ತೇವ ಹೀರಿ, ಚಳಿಯಲ್ಲಿ ಹೆಚ್ಚು ದಪ್ಪವಾಗುತ್ತದೆ. ಪೆಡಲ್ ಭಾರ, ಬಿಟ್ಟರೆ ನಿಧಾನಕ್ಕೆ ಮೇಲೇಳುವುದು ಇದರ ಗುರುತು. ಮೈನಸ್ 40 ಡಿಗ್ರಿಯಲ್ಲಿ ಡಾಟ್ 4 ದರ್ಜೆಯ ಬ್ರೇಕ್ ಫ್ಲೂಯಿಡ್‌ಗೆ ಇರುವ ಜಿಗುಟಿನ ಮಿತಿ 1,800 ಸೆಂಟಿಸ್ಟೋಕ್ಸ್, ಡಾಟ್ 5.1ಕ್ಕೆ ಅದರ ಅರ್ಧ, 900. ತೀರಾ ಚಳಿಯ ಜಾಗದಲ್ಲಿ, ತಯಾರಕರು ಒಪ್ಪಿದ್ದರೆ, 5.1 ಹಾಕುವುದರಲ್ಲಿ ಅರ್ಥವಿದೆ. ಡಾಟ್ 5 ಎನ್ನುವುದು ಸಿಲಿಕೋನ್, ಹೆಸರು ಹತ್ತಿರವಿದ್ದರೂ ಜಾತಿಯೇ ಬೇರೆ, ಬೆರೆಸಕೂಡದು. ಕೆಲವು ಗಾಡಿಗಳ ಕ್ಲಚ್‌ಗೆ ಮಿನರಲ್ ಹೈಡ್ರಾಲಿಕ್ ಆಯಿಲ್ ಬೇಕಾಗುತ್ತದೆ, ಟ್ಯಾಂಕಿನ ಮುಚ್ಚಳ ಓದಿ.

ಗೇರ್‌ಬಾಕ್ಸ್ ಬಳಿ ಕ್ಲಚ್ ಅನ್ನು ತಳ್ಳುವ ಸ್ಲೇವ್ ಸಿಲಿಂಡರ್ ಹೊರಗೆ ಕಾಣುವಂತಿದ್ದರೆ ಅಳತೆಯೇ ತೀರ್ಪು ಕೊಡುತ್ತದೆ. ತಣ್ಣಗಿರುವಾಗ ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ಇನ್ನೊಬ್ಬರು ಸ್ಕೇಲ್ ಹಿಡಿದು ಪುಶ್‌ರಾಡ್ ಎಷ್ಟು ಮಿಲಿಮೀಟರ್ ಚಲಿಸಿತು ಎಂದು ಬರೆದುಕೊಳ್ಳಲಿ. ಪೆಡಲ್ ಒತ್ತಿಯೇ ಒಂದು ನಿಮಿಷ ಹಿಡಿದು ರಾಡ್ ಹಿಂದೆ ಸರಿಯುತ್ತದೆಯೇ ನೋಡಿ. ಸರಿದರೆ ಹೊರಗೆ ಸೋರದಿದ್ದರೂ ಸೀಲ್ ಒಳಗೊಳಗೇ ಬಿಡುತ್ತಿದೆ, ಚಳಿಗೆ ರಬ್ಬರ್ ಗಡಸಾದಾಗ ಇದು ಹೆಚ್ಚು. ಗಾಡಿ ಬಿಸಿಯಾದ ಮೇಲೆ ಮತ್ತೆ ಅಳೆಯಿರಿ. ಎರಡು ಅಳತೆಗಳ ನಡುವೆ ಎರಡು ಮೂರು ಮಿ.ಮೀ. ಅಂತರ ಬಂದರೂ ಕಾರಣ ಸಿಕ್ಕಿತು ಎಂದೇ ಲೆಕ್ಕ.

ಫ್ಲೂಯಿಡ್ ಬದಲಿಸಲು ಇಬ್ಬರು ಬೇಕು. ಬ್ಲೀಡ್ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ ಇನ್ನೊಂದು ತುದಿಯನ್ನು ಸ್ವಲ್ಪ ಫ್ಲೂಯಿಡ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಪೆಡಲ್ ಒತ್ತಿ ಹಿಡಿಯಿರಿ, ನಿಪ್ಪಲ್ ಕಾಲು ಸುತ್ತು ತೆರೆಯಿರಿ, ಮುಚ್ಚಿ, ಆಮೇಲೆ ಪೆಡಲ್ ಬಿಡಿ. ಅದು ತಾನಾಗಿ ಏಳದಿದ್ದರೆ ಕೈಯಿಂದ ಎತ್ತಿ. ಗುಳ್ಳೆ ನಿಂತು ತಿಳಿಯಾದ ಹೊಸ ಫ್ಲೂಯಿಡ್ ಬರುವವರೆಗೆ ಮುಂದುವರಿಸಿ, ಸಾಮಾನ್ಯವಾಗಿ 200–300 ಮಿಲಿಲೀಟರ್ ಸಾಕು. ಟ್ಯಾಂಕ್ ಕನಿಷ್ಠ ಗೆರೆಗಿಂತ ಕೆಳಗೆ ಇಳಿಯದಿರಲಿ, ಇಳಿದರೆ ಬ್ರೇಕ್ ಲೈನಿಗೂ ಗಾಳಿ ಹೋಗುತ್ತದೆ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರಿನಿಂದ ತೊಳೆಯಿರಿ.

ಕೇಬಲ್ ಕ್ಲಚ್ ಆದರೆ ಪೆಡಲ್‌ನ ಸಡಿಲ ನೋಡಿ. ಸಾಮಾನ್ಯವಾಗಿ 10–20 ಮಿ.ಮೀ., ನಿಮ್ಮ ಗಾಡಿಯ ಖಚಿತ ಅಂಕಿ ಕೈಪಿಡಿಯಲ್ಲಿದೆ. ಹೆಚ್ಚಿದ್ದರೆ ಹೊಂದಿಸಿ. ಒಳಗೆ ತುಕ್ಕು ಹಿಡಿದ ಕೇಬಲ್‌ಗೆ ಹೊಸದೇ ಮದ್ದು.

ಹೈಡ್ರಾಲಿಕ್ ಸರಿಯಿದ್ದೂ ರಿವರ್ಸ್ ಪರೀಕ್ಷೆಯಲ್ಲಿ ಗರಗರ ಎಂದರೆ ಉಳಿಯುವುದು ಒಳಗಿನವು: ಒಣಗಿದ ಪೈಲಟ್ ಬೇರಿಂಗ್, ತುಕ್ಕು ಹಿಡಿದ ಸ್ಪ್ಲೈನ್ (ಶಾಫ್ಟ್ ಮೇಲಿನ ಉದ್ದುದ್ದ ಗಾಡಿಗಳು) ಮೇಲೆ ಜಾರದ ಕ್ಲಚ್ ಪ್ಲೇಟ್.

ಲಿಂಕೇಜ್, ಕೇಬಲ್

ಬೆಳಿಗ್ಗೆ ಲಿವರ್ ಕಲ್ಲಾಗಿ, ಎಂಜಿನ್ ಬಿಸಿ ತಾಗಿದ ಮೇಲೆ ತಾನಾಗಿ ಬಿಟ್ಟರೆ ಕೇಬಲ್ ಹೊದಿಕೆಯೊಳಗೆ ನೀರು ಹೆಪ್ಪುಗಟ್ಟಿದೆ. ತುದಿಯ ರಬ್ಬರ್ ಬೂಟ್ ಹರಿದಿರುತ್ತದೆ. ಖಚಿತ ಮಾಡಿಕೊಳ್ಳಲು ಗೇರ್‌ಬಾಕ್ಸ್ ಕಡೆ ಕೇಬಲ್ ಕಳಚಿ, ಗೇರ್‌ಬಾಕ್ಸ್‌ನ ಕೈಯನ್ನು ನೇರವಾಗಿ ಅಲುಗಿಸಿ. ಅದು ಸಲೀಸಾಗಿದ್ದು ಕೇಬಲ್ ಬಿಗಿಯಿದ್ದರೆ ಅಪರಾಧಿ ಸಿಕ್ಕಿದ. ಕಳಚುವ ಮುನ್ನ ಬಿಸಿ ಬಟ್ಟೆಯಿಂದ ತುದಿಯ ಪ್ಲಾಸ್ಟಿಕ್ ಬೆಚ್ಚಗೆ ಮಾಡಿ. ಚಳಿಯಲ್ಲಿ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಆ ಕ್ಲಿಪ್ ಬಿಸ್ಕತ್ತಿನಂತೆ ಮುರಿಯುತ್ತದೆ.

ಹೇರ್ ಡ್ರೈಯರ್‌ನಿಂದ ಕಾಯಿಸಿದರೆ ಆ ದಿನದ ಕೆಲಸವಾಗುತ್ತದೆ. ಬಿಸಿನೀರು ಸುರಿದರೆ ಅದೇ ರಾತ್ರಿ ಮತ್ತೆ ಮಂಜುಗಡ್ಡೆ. ಬೆಂಕಿಯ ಮಾತೇ ಬೇಡ. ಒಳಗೆ ಪ್ಲಾಸ್ಟಿಕ್ ಪದರವಿರುವ ಕೇಬಲ್‌ಗೆ ಗ್ರೀಸ್ ತುರುಕಿದರೆ ಪ್ರಯೋಜನವಿಲ್ಲ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಇರುವ ಜಿಡ್ಡೂ ತೊಳೆದುಹೋಗುತ್ತದೆ. ಕೇಬಲ್ ಬದಲಿಸುವುದೇ ಸರಿ.

ರಾಡ್ ಲಿಂಕೇಜ್‌ನಲ್ಲಿ ಹಳೆಯ ಗ್ರೀಸ್ ಮಣ್ಣು ಸೇರಿ ಗಟ್ಟಿಯಾಗಿರುತ್ತದೆ. ಪೂರ್ತಿ ಕೆರೆದು ತೆಗೆದು, ಪ್ಲಾಸ್ಟಿಕ್ ಬುಶ್‌ಗಳಿಗೆ ಚಳಿ ತಾಳುವ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ. ಚಕ್ರದ ಬೇರಿಂಗ್‌ಗೆ ಹಾಕುವ ದಪ್ಪ ಗ್ರೀಸ್ ಇಲ್ಲಿ ಹಾಕಿದರೆ ತಿರುಗಿ ಅದೇ ಕಥೆ. ಲಿವರ್ ಬುಡದ ಹೊದಿಕೆಯನ್ನೂ ಎತ್ತಿ ನೋಡಿ, ಎಂದೋ ಚೆಲ್ಲಿದ ಸಿಹಿ ಪಾನೀಯ ಅಲ್ಲಿ ಅಂಟಾಗಿ ಕೂತಿರುತ್ತದೆ.

ಇಷ್ಟಾದರೂ ಗರಗರ ಉಳಿದರೆ

ಸರಿಯಾದ ಆಯಿಲ್, ಪೂರ್ತಿ ಬಿಡುವ ಕ್ಲಚ್, ಸಲೀಸಾದ ಕೇಬಲ್ ಇದ್ದೂ ಒಂದೇ ಗೇರ್ ತಕರಾರು ಮಾಡಿದರೆ ಆ ರಿಂಗ್ ಮುಗಿದಿದೆ. ಬಿಸಿಯಾದ ಮೇಲೆ ಸರಿಹೋಗುವಷ್ಟಿದ್ದರೆ ಡಬಲ್ ಕ್ಲಚ್ ಮಾಡುತ್ತ ಕಾಲ ದೂಡಬಹುದು, ತುರ್ತೇನಿಲ್ಲ. ಬಿಸಿಯಲ್ಲೂ ಒರಲಿದರೆ, ಅಥವಾ ಗೇರ್ ತಾನಾಗಿ ಹೊರಬಿದ್ದರೆ, ಗೇರ್‌ಬಾಕ್ಸ್ ಇಳಿಸಲೇಬೇಕು. ಆಗ ರಿಂಗ್ ಒಂದನ್ನೇ ಹಾಕಿಸಬೇಡಿ. ಸ್ಲೀವ್ ಮತ್ತು ಗೇರ್‌ನ ಸಣ್ಣ ಹಲ್ಲುಗಳ ತುದಿ ಮೊಂಡಾಗಿವೆಯೇ ಎಂದು ನೋಡಿಸಿ, ಮೊಂಡಾಗಿದ್ದರೆ ಹೊಸ ರಿಂಗ್ ಹೆಚ್ಚು ದಿನ ಬಾಳುವುದಿಲ್ಲ. ಪೈಲಟ್ ಬೇರಿಂಗ್ ಮತ್ತು ರಿಲೀಸ್ ಬೇರಿಂಗ್ ಕೂಡ ಅದೇ ಸಲ ಬದಲಾಗಲಿ, ಇಳಿಸಿ ಏರಿಸುವ ಶ್ರಮದ ಮುಂದೆ ಅವುಗಳ ಬೆಲೆ ಏನೂ ಅಲ್ಲ. ಶಾಫ್ಟ್‌ನ ಸ್ಪ್ಲೈನ್‌ಗೆ ಬಟಾಣಿ ಕಾಳಿನಷ್ಟು ಗ್ರೀಸ್ ಹಚ್ಚಿ, ಪ್ಲೇಟನ್ನು ಹಿಂದೆ ಮುಂದೆ ಆಡಿಸಿ, ಹೊರಗೆ ಉಬ್ಬಿ ಬಂದದ್ದನ್ನು ಒರೆಸಬೇಕು. ಉಳಿಸಿದರೆ ಅದು ತಿರುಗುವಾಗ ಸಿಡಿದು ಕ್ಲಚ್ ಪ್ಲೇಟಿಗೇ ಮೆತ್ತಿಕೊಳ್ಳುತ್ತದೆ, ಗೇರ್‌ಬಾಕ್ಸ್ ಮತ್ತೆ ಇಳಿಸಬೇಕಾಗುತ್ತದೆ.